ಹಾಸ್ಟೆಲ್ ಗೆಳತಿಯರಿಗೆ ಕಿವಿಯಾದವಳು ಸಮಾಜಕಾರ್ಯವನ್ನು ವೃತ್ತಿಯಾಗಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅಂತಿಮ ವರ್ಷದ ಬಿ.ಎ. ಓದುತ್ತಿದ್ದೇನೆ. ಎನ್‌ಎಸ್‌ಎಸ್ ಮತ್ತು ಎಚ್‌ಐವಿ-ಏಡ್ಸ್ ಬಗ್ಗೆ ಅರಿವು ಮೂಡಿಸುವ ರೆಡ್ ರಿಬ್ಬನ್ ಕ್ಲಬ್‌ನಲ್ಲಿದ್ದು, ಸಹಪಾಠಿಗಳಿಗೆ ಆರೋಗ್ಯದ ತಿಳಿವಳಿಕೆ ಕೊಡುವ ತರಬೇತಿ ಪಡೆದಿದ್ದೇನೆ. ಹಾಸ್ಟೆಲ್‌ನ ಹುಡುಗಿಯರು ಮುಟ್ಟಿನ ತೊಂದರೆ, ರಕ್ತಹೀನತೆ, ಪ್ರೀತಿಯ ವಿಷಯ, ಪರೀಕ್ಷೆಯ ಭಯ ಎಂದು ನನ್ನ ಬಳಿ ಬರುತ್ತಾರೆ. ಈಚೆಗೆ ಪಿಯು ಓದುವ ಹುಡುಗಿಯೊಬ್ಬಳು, ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆ, ಬದುಕುವುದೇ ಬೇಡವೆನಿಸಿದೆ ಎಂದಳು. ನಾನು ಹೆದರಿ ವಾರ್ಡನ್‌ಗೆ ತಿಳಿಸಿದೆ. ಅವಳಿಗೆ ಈಗ ಚಿಕಿತ್ಸೆ ಸಿಗುತ್ತಿದೆ, ಆದರೆ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಾನು ಮಾಡಿದ್ದು ತಪ್ಪೇ? ಈ ಕೆಲಸವನ್ನೇ ವೃತ್ತಿಯಾಗಿಸಿಕೊಳ್ಳಲು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಬೇಕೆಂದು ನನಗೆ ಆಸೆ, ಮನೆಯಲ್ಲಿ ಬಿ.ಎಡ್. ಮಾಡು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲನೆಯ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡುತ್ತೇನೆ, ಏಕೆಂದರೆ ಅದು ನಿಮ್ಮನ್ನು ನಿದ್ದೆಗೆಡಿಸಿರುವುದು ಪತ್ರದಿಂದಲೇ ತಿಳಿಯುತ್ತದೆ. ನೀವು ಮಾಡಿದ್ದು ಸರಿ. ಜೀವ ಅಪಾಯದಲ್ಲಿದೆ ಎಂಬ ಅನುಮಾನ ಬಂದಾಗ ಆ ಭಾರವನ್ನು ಒಬ್ಬರೇ ಹೊರಬಾರದು, ಹೊರಲೂ ಆಗದು. ಅನುಭವಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಕೂಡ ಇಂಥ ಸಂದರ್ಭದಲ್ಲಿ ತಮ್ಮ ತಂಡದ ವೈದ್ಯರಿಗೆ ತಿಳಿಸದೆ ಮನೆಗೆ ಹೋಗುವುದಿಲ್ಲ. ಆ ಹುಡುಗಿ ಮುನಿಸಿಕೊಂಡಿರುವುದು ಸಹಜ. ಅವಳ ಮುನಿಸನ್ನು ನಿಮ್ಮ ಸೋಲೆಂದು ತಿಳಿಯಬೇಡಿ.

ಆದರೆ ಮುಂದಿನ ಬಾರಿ ಬದಲಿಸಿಕೊಳ್ಳಬೇಕಾದ ಒಂದು ವಿಷಯವಿದೆ. ಅದು ವಾರ್ಡನ್‌ಗೆ ತಿಳಿಸಿದ್ದಲ್ಲ, ಮೊದಲು ಕೊಟ್ಟ ಮಾತು. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಆರೋಗ್ಯ ಸಮಾಲೋಚನೆಗೆ ಕೂತವರು ಯಾರಿಗೂ ಕೊಡುವಂತಿಲ್ಲ. ಅದರ ಬದಲು ಮಾತು ಶುರುವಾಗುವ ಮುಂಚೆಯೇ ಹೀಗೆ ಹೇಳಬಹುದು: ‘ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ, ಅಥವಾ ಹದಿನೆಂಟು ತುಂಬದವರ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದಾರೆ ಅಂತ ಗೊತ್ತಾದರೆ, ಹೇಳಬೇಕಾದವರಿಗೆ ಹೇಳುತ್ತೇನೆ. ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ, ಆದಷ್ಟೂ ನಿನ್ನನ್ನು ಜೊತೆಗೇ ಕರೆದುಕೊಂಡು ಹೋಗುತ್ತೇನೆ.’ ಹೀಗೆಂದರೆ ಯಾರೂ ಬಾಯಿ ಬಿಡುವುದಿಲ್ಲವೆಂಬ ಭಯ ನಿಮಗಿರಬಹುದು. ಹೆಚ್ಚಿನವರು ಹೇಳುತ್ತಾರೆ, ಹೇಳಿದ ಮೇಲೆ ಮೋಸವಾಯಿತೆಂದು ಅವರಿಗೆ ಅನ್ನಿಸುವುದೂ ಇಲ್ಲ.

ಈ ಮಿತಿಗಳ ಹಿಂದೆ ಕಾನೂನೂ ಇದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾವುದೇ ವ್ಯಕ್ತಿ ಅದನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆಯಾಗಬಹುದು. ಆ ಶಿಕ್ಷೆಯಿಂದ ವಿನಾಯಿತಿ ಇರುವುದು ಹದಿನೆಂಟು ತುಂಬದವರಿಗೆ ಮಾತ್ರ. ಪಿಯು ಹಂತದ ಸಹಪಾಠಿ ಶಿಕ್ಷಕಿಗೆ (ನಿಮ್ಮಂತೆ ಗೆಳತಿಯರಿಗೆ ತಿಳಿವಳಿಕೆ ಕೊಡುವವಳಿಗೆ) ಸಿಗುವ ಆ ವಿನಾಯಿತಿ ಪದವಿ ಓದುವ ನಿಮಗಿಲ್ಲ ಎಂಬುದನ್ನು ತರಬೇತಿಗಳಲ್ಲಿ ಬಿಡಿಸಿ ಹೇಳುವುದು ಕಡಿಮೆ, ಆದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ಇದಕ್ಕೆ ತದ್ವಿರುದ್ಧವಾಗಿ, ಒಬ್ಬರ ಎಚ್‌ಐವಿ ಸ್ಥಿತಿ ನಿಮಗೆ ತಿಳಿದಿದ್ದರೆ ಅದನ್ನು ಅವರ ಒಪ್ಪಿಗೆಯಿಲ್ಲದೆ ವಾರ್ಡನ್‌ಗೂ ಹೇಳುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಆ ಗೌಪ್ಯತೆಯನ್ನು ಕಾಯುತ್ತದೆ. ರೆಡ್ ರಿಬ್ಬನ್ ಕ್ಲಬ್‌ನಲ್ಲಿರುವ ನೀವು ಯಾವ ಗುಟ್ಟನ್ನು ಕಾಯಬೇಕು, ಯಾವುದನ್ನು ಕಾಯಬಾರದು ಎಂಬ ಈ ವ್ಯತ್ಯಾಸವನ್ನು ಬಾಯಿಪಾಠವಾಗುವಷ್ಟು ತಿಳಿದಿರಬೇಕು.

ಆತ್ಮಹತ್ಯೆಯ ಯೋಚನೆಯ ಬಗ್ಗೆ ಎರಡು ಮಾತು. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಬಹಳ ಜನ ಅಂಜುತ್ತಾರೆ. ಹಾಗಾಗುವುದಿಲ್ಲ, ಮೆಲ್ಲನೆ, ನೇರವಾಗಿ ಕೇಳಿದರೆ ಎದುರಿಗಿದ್ದವರಿಗೆ ಹಗುರವಾಗುತ್ತದೆ. ಇನ್ನೊಂದು, ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಮನೆಯವರು, ಕೆಲವೊಮ್ಮೆ ಹಾಸ್ಟೆಲಿನವರು ವಿಷಯವನ್ನು ಮುಚ್ಚಿಡುತ್ತಾರೆ. ಆ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ-ಮನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098. ಇವೆರಡನ್ನೂ ಹಾಸ್ಟೆಲ್‌ನ ಗೋಡೆಯ ಮೇಲೆ ಬರೆಸಿ. ಟೆಲಿ-ಮನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು; ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನು ವೃತ್ತಿಯ ವಿಚಾರ. ನೀವು ಈಗ ಮಾಡುತ್ತಿರುವ ಕೆಲಸಕ್ಕೆ ನಮ್ಮಲ್ಲಿ ಗಟ್ಟಿಯಾದ ಹಿನ್ನೆಲೆಯೇ ಇದೆ. ಎನ್‌ಎಸ್‌ಎಸ್ 1969ರಿಂದ ನಡೆದು ಬಂದಿದೆ. ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಬೆನ್ನೆಲುಬೇ ಹಳ್ಳಿಯ ಹುಡುಗ ಹುಡುಗಿಯರಿಂದ ಆರಿಸಿದ ಸಹಪಾಠಿ ಶಿಕ್ಷಕರು. ಅದೇ ಕಾರ್ಯಕ್ರಮದ ಆರೋಗ್ಯ ಕೇಂದ್ರಗಳನ್ನು ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ ಎಂದು ಕರೆಯುತ್ತೇವೆ. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳಲ್ಲಿ ಯುವ ಪರಿವರ್ತಕರೆಂಬ ಹೆಸರಿನಲ್ಲಿ ತರಬೇತಿ ಪಡೆದ ಯುವಕ ಯುವತಿಯರೇ ತಮ್ಮ ವಾರಗೆಯವರ ಮಾತು ಕೇಳುತ್ತಾರೆ. ಅಪ್ಪ ಅಮ್ಮನಿಗೆ, ಮೇಷ್ಟ್ರಿಗೆ, ಡಾಕ್ಟರಿಗೆ ಹೇಳಲಾಗದ್ದನ್ನು ಒಂದೇ ವಯಸ್ಸಿನವರಿಗೆ ಹೇಳಬಹುದು ಎಂಬ ಸರಳ ನಂಬಿಕೆಯ ಮೇಲೆ ಇವೆಲ್ಲ ನಿಂತಿವೆ, ಮತ್ತು ಆ ನಂಬಿಕೆ ನಿಜವೆಂಬುದಕ್ಕೆ ನಿಮ್ಮ ಹಾಸ್ಟೆಲ್ ಕೋಣೆಯೇ ಸಾಕ್ಷಿ.

ಆದರೂ ಈ ಅನುಭವದಲ್ಲಿ ಸಮಾಜಕಾರ್ಯಕ್ಕೆ ಒದಗುವುದು ಯಾವುದು ಎಂಬುದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಸಂದರ್ಶನಗಳಲ್ಲಿ ಹೆಚ್ಚಿನ ಅಭ್ಯರ್ಥಿಗಳು ತಾವು ಎಷ್ಟು ಶಿಬಿರ ಮಾಡಿದೆವು, ಎಷ್ಟು ಜಾಥಾ ಹೊರಡಿಸಿದೆವು, ಎಷ್ಟು ಜನರಿಗೆ ಅರಿವು ಮೂಡಿಸಿದೆವು ಎಂದು ಹೇಳಿಕೊಳ್ಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಆರೋಗ್ಯದ ಮಾಹಿತಿ ಕೊಡುವುದು ಈ ವೃತ್ತಿಯ ತೀರಾ ಚಿಕ್ಕ ಭಾಗ. ತೊಂದರೆಯ ಹಿಂದೆ ಏನಿದೆ ಎಂದು ಕೆದಕಿ ನೋಡುವುದು, ಆ ವ್ಯಕ್ತಿಯನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವುದು, ಮುಟ್ಟಿಸಿದ ಮೇಲೂ ಕೈಬಿಡದೆ ವಿಚಾರಿಸುತ್ತಿರುವುದು, ಇವು ದೊಡ್ಡ ಭಾಗ.

ಒಂದು ಉದಾಹರಣೆ ಕೊಡುತ್ತೇನೆ. ನಾನು ಕ್ಷೇತ್ರಕಾರ್ಯದ (ಓದಿನ ಭಾಗವಾಗಿ ಹೊರಗೆ ಹೋಗಿ ಮಾಡುವ ಕೆಲಸದ) ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದಾಗ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿಯೊಬ್ಬಳನ್ನು ಹೆಣ್ಣುಮಕ್ಕಳ ಹಾಸ್ಟೆಲ್ ಒಂದಕ್ಕೆ ಹಾಕಿದ್ದೆವು. ಹದಿಹರೆಯದವರಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಗಳು ಅಲ್ಲಿ ಮಂಚದ ಕೆಳಗೆ, ಟ್ರಂಕಿನ ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಅವಳ ಮೊದಲ ವರದಿಯಲ್ಲಿ ಕಾರಣದ ಜಾಗದಲ್ಲಿ ‘ತಿಳಿವಳಿಕೆಯ ಕೊರತೆ’ ಎಂದಿತ್ತು, ಪರಿಹಾರವೆಂದು ರಕ್ತಹೀನತೆಯ ಬಗ್ಗೆ ಒಂದು ಉಪನ್ಯಾಸ ಏರ್ಪಡಿಸಿದ್ದಳು. ಉಪನ್ಯಾಸದ ನಂತರವೂ ಗುಳಿಗೆ ಮಂಚದ ಕೆಳಗೇ ಇತ್ತು. ಮತ್ತೆ ಹೋಗು, ಏನೂ ಹೇಳಿಕೊಡಬೇಡ, ಸುಮ್ಮನೆ ಅವರ ಜೊತೆ ಬೆಳಿಗ್ಗೆ ಎದ್ದು ಕಾಲೇಜಿಗೆ ಹೊರಡುವವರೆಗೂ ಇದ್ದು ಬಾ ಎಂದೆ. ಬಂದು ಹೇಳಿದ್ದು ಇಷ್ಟು: ಗುಳಿಗೆ ಕೊಡುತ್ತಿದ್ದುದು ಬೆಳಿಗ್ಗೆ, ತಿಂಡಿ ಆಗುವುದು ತಡ, ಮೊದಲ ಬಸ್ಸು ಹಿಡಿಯುವ ಹುಡುಗಿಯರು ಬರೀ ಹೊಟ್ಟೆಯಲ್ಲಿ ಚಹಾದ ಜೊತೆ ಗುಳಿಗೆ ನುಂಗಿ, ಬಸ್ಸಿನಲ್ಲಿ ವಾಕರಿಕೆ ಬಂದು, ಎಲ್ಲರೆದುರು ವಾಂತಿ ಮಾಡಿಕೊಂಡಿದ್ದರು. ವಾಂತಿ ಮಾಡಿಕೊಂಡ ಹುಡುಗಿಯ ಬಗ್ಗೆ ಹಿಂದಿನ ಸೀಟಿನ ಹುಡುಗರು ಏನು ಆಡಿಕೊಂಡಿರಬಹುದೆಂದು ನಿಮಗೆ ನಾನು ಹೇಳಬೇಕಿಲ್ಲ. ಅಂದಿನಿಂದ ಯಾರೂ ಗುಳಿಗೆ ಮುಟ್ಟಿರಲಿಲ್ಲ. ಆ ವಿದ್ಯಾರ್ಥಿನಿ ವಾರ್ಡನ್ ಮತ್ತು ಆರೋಗ್ಯ ಸಿಬ್ಬಂದಿಯನ್ನು ಒಟ್ಟಿಗೆ ಕೂರಿಸಿ, ಗುಳಿಗೆಯನ್ನು ರಾತ್ರಿ ಊಟದ ನಂತರ ಕೊಡುವಂತೆ ಮಾಡಿದಳು. ಮಲ ಕಪ್ಪಗಾದರೆ ಗಾಬರಿ ಬೇಡ, ಚಹಾದ ಜೊತೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ ಎಂಬ ಎರಡೇ ಮಾತನ್ನು ಹುಡುಗಿಯರಿಗೆ ಹೇಳಿದಳು. ಅದು ಕೆಲಸ ಮಾಡಿತು.

ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆಯಿದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಈ ಸಂಖ್ಯೆಯನ್ನು ಭಾಷಣದಲ್ಲಿ ಹೇಳುವವರು ಬೇಕಾದಷ್ಟಿದ್ದಾರೆ. ತಿಂಡಿಯ ಹೊತ್ತನ್ನೂ ಬಸ್ಸಿನ ಹೊತ್ತನ್ನೂ ಗುಳಿಗೆಯ ಜೊತೆ ಇಟ್ಟು ನೋಡುವವರು ಕಡಿಮೆ, ಮತ್ತು ಸಮಾಜಕಾರ್ಯ ಎಂದರೆ ಬಹುಮಟ್ಟಿಗೆ ಹಾಗೆ ನೋಡುವುದು. ನಿಮ್ಮ ಬಳಿ ಬಂದವರಲ್ಲಿ ಯಾರ ವಿಷಯದಲ್ಲಾದರೂ ನೀವು ಹೀಗೆ ಹಿಂದಿನ ಕಾರಣವನ್ನು ಹುಡುಕಿ ಹೋಗಿದ್ದರೆ, ಪರೀಕ್ಷೆಯ ಭಯ ಎಂದವಳ ಭಯ ನಿಜಕ್ಕೂ ಮನೆಯಲ್ಲಿ ನಿಶ್ಚಯವಾಗುತ್ತಿದ್ದ ಮದುವೆಯದು ಎಂದು ಕಂಡುಕೊಂಡಿದ್ದರೆ, ಈ ವೃತ್ತಿಗೆ ಬೇಕಾದ ಕಣ್ಣು ನಿಮಗಿದೆ. ಇಲ್ಲದಿದ್ದರೂ ಕಲಿಯಬಹುದು, ಎಂಎಸ್‌ಡಬ್ಲ್ಯೂ ಇರುವುದೇ ಅದಕ್ಕೆ.

ಎಂಎಸ್‌ಡಬ್ಲ್ಯೂಗೆ ಯಾವ ಪದವಿ ಮುಗಿಸಿದವರೂ ಅರ್ಜಿ ಹಾಕಬಹುದು, ಬಿಎಸ್‌ಡಬ್ಲ್ಯೂ (ಸಮಾಜಕಾರ್ಯದ ಪದವಿ) ಆಗಿರಲೇಬೇಕೆಂದಿಲ್ಲ. ಭಾರತದಲ್ಲಿ ಸಮಾಜಕಾರ್ಯದ ಶಿಕ್ಷಣ 1936ರಲ್ಲಿ ಮುಂಬಯಿಯಲ್ಲಿ ಶುರುವಾಯಿತು, ಅದೇ ಸಂಸ್ಥೆ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನಮ್ಮ ರಾಜ್ಯದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ನಿಮಗೆ ಹತ್ತಿರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ದಾವಣಗೆರೆ ವಿಶ್ವವಿದ್ಯಾಲಯಗಳಿವೆ. ಎರಡು ವರ್ಷದ ಈ ಪದವಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಇರುತ್ತದೆ. ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ಸ್ವಯಂಸೇವಾ ಸಂಸ್ಥೆ ಎಂದು ಬೇರೆ ಬೇರೆ ಕಡೆ ಕಳಿಸುತ್ತಾರೆ. ಕೊನೆಗೆ ಸುಮಾರು ಒಂದು ತಿಂಗಳು ಒಂದೇ ಕಡೆ ಪೂರ್ತಿ ಕೆಲಸ ಮಾಡುವ ಬ್ಲಾಕ್ ಪ್ಲೇಸ್‌ಮೆಂಟ್ ಇರುತ್ತದೆ.

ಕ್ಷೇತ್ರಕಾರ್ಯದಲ್ಲಿ ಮೊದಮೊದಲು ನಿಮಗೆ ಬೇಸರ ತರಿಸುವುದು ವರದಿ ಬರೆಯುವ ಕೆಲಸ, ಕಡೆಯವರೆಗೂ ಉಪಯೋಗಕ್ಕೆ ಬರುವುದೂ ಅದೇ. ಎದುರಿನವರು ಏನೆಂದರು, ನೀವೇನೆಂದಿರಿ, ಆಗ ನಿಮ್ಮ ಮನಸ್ಸಿನಲ್ಲಿ ಏನಾಯಿತು ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ‘ಅವಳು ತುಂಬಾ ದುಃಖದಲ್ಲಿದ್ದಳು’ ಎಂದು ಬರೆದರೆ ಒಳ್ಳೆಯ ಮೇಲ್ವಿಚಾರಕರು ಕೆಂಪು ಗೆರೆ ಎಳೆಯುತ್ತಾರೆ. ಏನು ನೋಡಿ ಹಾಗೆಂದೆ, ಏನು ಕೇಳಿ ಹಾಗೆಂದೆ ಎಂದು ವಿಚಾರಿಸುತ್ತಾರೆ. ಹೀಗೆ ಬರೆಯುತ್ತಾ ಹೋದಾಗ ನಾವು ಎಷ್ಟು ಬೇಗ ಬುದ್ಧಿಹೇಳಲು ಹೊರಡುತ್ತೇವೆ, ಎದುರಿನವರ ಮಾತನ್ನು ಎಲ್ಲಿ ತುಂಡರಿಸುತ್ತೇವೆ ಎಂಬುದು ನಮ್ಮದೇ ಅಕ್ಷರದಲ್ಲಿ ಕಾಣುತ್ತದೆ. ಸಹಪಾಠಿ ಸಮಾಲೋಚನೆಯಲ್ಲಿ ಇಲ್ಲದೆ ಹೋಗುವುದು ಈ ಮೇಲ್ವಿಚಾರಣೆಯೇ. ತರಬೇತಿ ಮುಗಿದ ಮೇಲೆ ನಿಮ್ಮನ್ನು ಯಾರೂ ಕೂರಿಸಿಕೊಂಡು ಕೇಳಲಿಲ್ಲ; ಆ ಹುಡುಗಿಯ ವಿಷಯವನ್ನು ನೀವು ಇಷ್ಟು ದಿನ ಒಬ್ಬರೇ ಹೊತ್ತು, ಕೊನೆಗೆ ಪರಿಚಯವಿಲ್ಲದ ನನಗೆ ಬರೆಯಬೇಕಾಯಿತು. ಇದು ನಿಮ್ಮ ಕೊರತೆಯಲ್ಲ, ಕಾರ್ಯಕ್ರಮಗಳನ್ನು ನಡೆಸುವವರ ಕೊರತೆ. ಹತ್ತೊಂಬತ್ತು ಇಪ್ಪತ್ತರ ಮಕ್ಕಳ ಹೆಗಲಿಗೆ ಇನ್ನೊಬ್ಬರ ಸಂಕಟವನ್ನು ಹೊರಿಸಿ, ಅವರ ಮಾತನ್ನು ಕೇಳಲು ಯಾರನ್ನೂ ನೇಮಿಸದಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಎರಡನೇ ವರ್ಷಕ್ಕೆ ಬಂದಾಗ ವಿಶೇಷ ವಿಷಯ ಆರಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆಂದು ಬಹಳ ಜನ ಮಾನವ ಸಂಪನ್ಮೂಲದ ಕಡೆ ಹೋಗುತ್ತಾರೆ. ಅದು ಅವರ ಆಯ್ಕೆ. ನಿಮ್ಮ ಒಲವು ಆರೋಗ್ಯದ ಕಡೆ ಇರುವುದರಿಂದ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನೇ ಆರಿಸಿಕೊಳ್ಳಿ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಒಂದೇ ಸಾಲದು ಎಂಬುದು ಮಾತ್ರ ಗೊತ್ತಿರಲಿ. ಮಾನಸಿಕ ಆರೋಗ್ಯ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಜೊತೆಗೆ, ಮೇಲ್ವಿಚಾರಣೆಯಲ್ಲಿ ಆಸ್ಪತ್ರೆಯ ತರಬೇತಿಯೂ ಸೇರಿದ ಎರಡು ವರ್ಷದ ಪೂರ್ಣಾವಧಿ ಎಂಫಿಲ್ (ಸ್ನಾತಕೋತ್ತರದ ನಂತರದ ಪದವಿ) ಇದೆ. ಸರ್ಕಾರ ಗೊತ್ತುಪಡಿಸುವ ಬೇರೆ ಅರ್ಹತೆಗಳಿಗೂ ಅವಕಾಶವಿದೆ. ಬೆಂಗಳೂರಿನ ನಿಮ್ಹಾನ್ಸ್ ಈ ಶಿಕ್ಷಣಕ್ಕೆ ಹೆಸರಾದ ಸಂಸ್ಥೆ. ಇಲ್ಲೊಂದು ತೊಡಕಿದೆ: ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಾವಳಿಯಲ್ಲಿ ಎಂಫಿಲ್ ಅನ್ನೇ ನಿಲ್ಲಿಸಿ, ಆಮೇಲೆ ಕ್ಲಿನಿಕಲ್ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರವರೆಗೆ ಮುಂದುವರಿಸಲು ಒಪ್ಪಿತು. ನೀವು ಎಂಎಸ್‌ಡಬ್ಲ್ಯೂ ಮುಗಿಸುವುದು ಅದರಾಚೆಗೆ. ಆದ್ದರಿಂದ ಆ ಹೊತ್ತಿಗೆ ಯಾವ ಪದವಿಗೆ ಮಾನ್ಯತೆಯಿದೆ ಎಂಬುದನ್ನು ಪ್ರವೇಶದ ಅಧಿಸೂಚನೆಯಲ್ಲೇ ನೋಡಿಕೊಳ್ಳಿ, ಹಿರಿಯ ವಿದ್ಯಾರ್ಥಿಗಳ ಹಳೆಯ ಮಾಹಿತಿಯನ್ನು ನಂಬಿ ಕೂರಬೇಡಿ.

ಕೆಲಸಗಳಿವೆಯೇ ಎಂದರೆ, ಇವೆ. ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ಆಪ್ತಸಮಾಲೋಚಕರು, ಸ್ನೇಹ ಕ್ಲಿನಿಕ್‌ನ ಸಮಾಲೋಚಕರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ, ದೊಡ್ಡ ಆಸ್ಪತ್ರೆಗಳ ಸಮಾಜಕಾರ್ಯ ವಿಭಾಗ, ಅಂಗಾಂಗ ಕಸಿ ಸಂಯೋಜಕರು, ಹೀಗೆ ಹಲವು ಕಡೆ ಎಂಎಸ್‌ಡಬ್ಲ್ಯೂ ಆದವರು ದುಡಿಯುತ್ತಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲೂ ಸಮಾಜಕಾರ್ಯಕರ್ತರಿರುತ್ತಾರೆ. 1996ರಲ್ಲಿ ದೇಶದಲ್ಲಿ ಜಾರಿಯಾದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1985ರಿಂದ 1990ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಯವರ ಕೈಗೆಟುಕುವಂತೆ ಮಾಡಬಹುದೆಂದು ಅಲ್ಲಿ ತೋರಿಸಿದರು. ಆ ಪರಂಪರೆಯ ನಾಡಿನಲ್ಲಿ ನೀವು ಓದುತ್ತಿದ್ದೀರಿ ಎಂಬುದು ನನಗೆ ಸಂತೋಷದ ಸಂಗತಿ.

ಈಗ ಮನೆಯವರ ಮಾತು. ಅವರು ಬಿ.ಎಡ್. ಎನ್ನುವುದು ನಿಮ್ಮ ಮೇಲಿನ ಕಾಳಜಿಯಿಂದ, ಅದರಲ್ಲಿ ಹುರುಳೂ ಇದೆ. ಸಮಾಜಕಾರ್ಯದ ಹುದ್ದೆಗಳಲ್ಲಿ ಬಹುಪಾಲು ಗುತ್ತಿಗೆಯವು. ವರ್ಷವರ್ಷ ನವೀಕರಣಕ್ಕೆ ಕಾಯಬೇಕು, ಸಂಬಳ ತಡವಾಗುವುದುಂಟು, ಕೆಲಸದ ತೂಕಕ್ಕೆ ತಕ್ಕ ಸಂಬಳ ಆರಂಭದಲ್ಲಿ ಸಿಗುವುದಿಲ್ಲ. ವಕೀಲರಿಗೂ ವೈದ್ಯರಿಗೂ ಇರುವಂಥ ಪ್ರತ್ಯೇಕ ಪರಿಷತ್ತು ಸಮಾಜಕಾರ್ಯಕ್ಕೆ ಇಲ್ಲ. 2021ರ ರಾಷ್ಟ್ರೀಯ ಪೂರಕ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ತನ್ನ ಪಟ್ಟಿಯಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ಆರೋಗ್ಯ ಸಮಾಲೋಚಕರನ್ನೂ ಸೇರಿಸಿರುವುದು ಭರವಸೆ ಹುಟ್ಟಿಸುವ ಸಂಗತಿ, ಆದರೆ ಅದರ ಫಲ ನಿಮ್ಮ ಕೈಸೇರಲು ಕಾಲ ಬೇಕು. ಇದನ್ನೆಲ್ಲ ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಲು ನನಗೆ ಮನಸ್ಸಿಲ್ಲ. ಮನೆಯ ಖರ್ಚು ನಿಮ್ಮ ಸಂಬಳಕ್ಕಾಗಿ ಕಾಯುತ್ತಿದ್ದರೆ ಬಿ.ಎಡ್. ಮೊದಲು ಮಾಡುವುದರಲ್ಲಿ ಅವಮಾನವೇನಿಲ್ಲ. ಪ್ರೌಢಶಾಲೆಯಲ್ಲಿ ಮಕ್ಕಳ ಮನಸ್ಸು ಅರಿತ ಶಿಕ್ಷಕಿಯೊಬ್ಬಳು ಇರುವುದು ಸಣ್ಣ ವಿಷಯವಲ್ಲ, ಎಂಎಸ್‌ಡಬ್ಲ್ಯೂಗೆ ವಯಸ್ಸೂ ಮೀರಿಹೋಗುವುದಿಲ್ಲ. ಆದರೆ ಎರಡು ವರ್ಷ ತಡೆದುಕೊಳ್ಳುವ ಶಕ್ತಿ ಮನೆಗಿದ್ದರೆ, ಆಸೆಯಿಲ್ಲದ ಓದಿಗೆ ಅದನ್ನು ಖರ್ಚು ಮಾಡಬೇಡಿ ಎಂದೇ ನನ್ನ ಸಲಹೆ. ಅಪ್ಪ ಅಮ್ಮನನ್ನು ಒಮ್ಮೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿನ ಆಪ್ತಸಮಾಲೋಚಕರೊಬ್ಬರ ಜೊತೆ ಹತ್ತು ನಿಮಿಷ ಮಾತನಾಡಿಸಿ. ಈ ಕೆಲಸವನ್ನು ಕಣ್ಣಾರೆ ನೋಡಿರದ ಕಾರಣಕ್ಕೇ ಬಹಳ ಮನೆಗಳಲ್ಲಿ ಇದು ಕೆಲಸವೆಂದೇ ಅನ್ನಿಸುವುದಿಲ್ಲ.

ಅಲ್ಲಿಯವರೆಗೆ ಮಾಡಬೇಕಾದದ್ದು ಸ್ವಲ್ಪವಿದೆ. ಹಾಸ್ಟೆಲ್‌ನಲ್ಲಿ ನಿಮ್ಮನ್ನು ‘ಕೌನ್ಸೆಲರ್’ ಎಂದು ಯಾರಾದರೂ ಕರೆದರೆ, ನಾನು ತರಬೇತಿ ಪಡೆದ ಗೆಳತಿ ಅಷ್ಟೇ ಎಂದು ತಿದ್ದಿ. ಆ ಹೆಸರಿನ ಜೊತೆ ಬರುವ ಹೊಣೆಗೆ ನೀವಿನ್ನೂ ಸಿದ್ಧರಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಹೋಗಿ ಅಲ್ಲಿನ ಸಮಾಲೋಚಕರ ಪರಿಚಯ ಮಾಡಿಕೊಳ್ಳಿ. ಯಾರನ್ನಾದರೂ ಕಳಿಸುವಾಗ ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳದೆ ಮೊದಲ ಸಲ ಜೊತೆಗೆ ಹೋಗಿ, ವಾರದ ನಂತರ ಏನಾಯಿತೆಂದು ಕೇಳಿ. ಹೆಸರು, ಊರು, ಕೋಣೆಯ ಸಂಖ್ಯೆ ಯಾವುದೂ ಇಲ್ಲದಂತೆ ನಿಮ್ಮ ಅನುಭವಗಳನ್ನು ಬರೆದಿಡಿ. ಎನ್‌ಎಸ್‌ಎಸ್ ಅಧಿಕಾರಿಗಳಾದ ನಿಮ್ಮ ಮೇಷ್ಟ್ರನ್ನೋ ಮೇಡಮ್ಮನ್ನೋ ಕೇಳಿ, ತಿಂಗಳಿಗೊಮ್ಮೆಯಾದರೂ ನಿಮ್ಮ ಗುಂಪು ಒಬ್ಬ ಹಿರಿಯ ಸಮಾಲೋಚಕರ ಜೊತೆ ಕೂರುವಂತೆ ಮಾಡಿಕೊಳ್ಳಿ. ಮಾತು ಬಿಟ್ಟ ಆ ಹುಡುಗಿಯನ್ನು ಒತ್ತಾಯಿಸಬೇಡಿ, ತಪ್ಪಿಸಿಕೊಂಡು ಓಡಾಡಲೂ ಬೇಡಿ. ಎದುರಾದಾಗ ಊಟವಾಯಿತೇ ಎಂದು ಎಂದಿನಂತೆ ಕೇಳಿದರೆ ಸಾಕು.

ಪ್ರವೇಶಕ್ಕೆ ಅರ್ಜಿ ಹಾಕುವ ಮುನ್ನ ಆ ವಿಭಾಗದ ಈಗಿನ ವಿದ್ಯಾರ್ಥಿಗಳನ್ನು ಭೇಟಿಯಾಗಿ ಮೂರು ವಿಷಯ ವಿಚಾರಿಸಿ: ಕ್ಷೇತ್ರಕಾರ್ಯಕ್ಕೆ ಯಾವ ಆಸ್ಪತ್ರೆಗಳಿಗೆ ಕಳಿಸುತ್ತಾರೆ, ಮೇಲ್ವಿಚಾರಕರು ವರದಿಯನ್ನು ಓದಿ ಕೂತು ಚರ್ಚಿಸುತ್ತಾರೋ ಅಥವಾ ಸಹಿ ಮಾತ್ರ ಹಾಕುತ್ತಾರೋ, ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಷಯಕ್ಕೆ ಸಾಕಷ್ಟು ಅಧ್ಯಾಪಕರಿದ್ದಾರೋ ಇಲ್ಲವೋ. ಎರಡನೆಯದಕ್ಕೆ ‘ಸಹಿ ಮಾತ್ರ’ ಎಂಬ ಉತ್ತರ ಬಂದರೆ, ಆ ಕಾಲೇಜು ಮನೆಗೆ ಎಷ್ಟೇ ಹತ್ತಿರವಿದ್ದರೂ ಬೇರೆಡೆ ಪ್ರಯತ್ನಿಸಿ.